ದಸರಾದಿಂದ ಶಿವರಾತ್ರಿವರೆಗೆ: ಮೈಸೂರಿನ ಚಳಿಯಲ್ಲಿ, ಮನೆಯನ್ನೂ ನಿಭಾಯಿಸುತ್ತಾ ಮ್ಯಾರಥಾನ್ ತಯಾರಿ

ಮೊದಲ ಸಲ ಮ್ಯಾರಥಾನ್‌ಗೆ ತಯಾರಾದಾಗ ನನ್ನ ಓಟದ ಲೆಕ್ಕ ಸರಿಯಾಗಿತ್ತು, ಮನೆಯ ಲೆಕ್ಕ ತಪ್ಪಿತ್ತು. ಭಾನುವಾರ ಬೆಳಗಿನ ಜಾವ ಎದ್ದು ಮೂರು ಗಂಟೆ ಓಡಿ, ಮನೆಯವರು ಕಾಫಿ ಮುಗಿಸುವಷ್ಟರಲ್ಲಿ ವಾಪಸ್ ಬಂದಿರುತ್ತಿದ್ದೆ. ಯಾರ ಹೊತ್ತನ್ನೂ ಕಸಿದುಕೊಂಡಿಲ್ಲ ಎಂದೇ ನಂಬಿದ್ದೆ. ಆದರೆ ಬಂದವಳು ತಿಂಡಿ ತಿಂದು ಹನ್ನೆರಡರವರೆಗೆ ಮಲಗುತ್ತಿದ್ದೆ, ಎದ್ದ ಮೇಲೂ ಸಂಜೆಯವರೆಗೆ ಸೋಫಾ ಬಿಡುತ್ತಿರಲಿಲ್ಲ. ಒಂದು ದಿನ ಚಿಕ್ಕ ಮಗಳು ಅಡುಗೆಮನೆಯಲ್ಲಿ ಅವಳ ಅಜ್ಜಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಅಜ್ಜಿ, ಭಾನುವಾರ ಅಮ್ಮ ಮನೇಲೇ ಇರ್ತಾಳೆ, ಆದ್ರೂ ಇರಲ್ಲ."

ಆ ಮಾತು ಕೇಳಿದ ಮೇಲೆ ನಾನು ತಯಾರಿಯ ಕ್ರಮವನ್ನೇ ಬದಲಿಸಿದೆ. ಓಡಿದ ಮೂರು ಗಂಟೆಯ ಜೊತೆಗೆ, ಸುಸ್ತಾಗಿ ಬಿದ್ದುಕೊಳ್ಳುವ ಆರು ಗಂಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಳಗೆ ಬರೆದಿರುವುದೆಲ್ಲ ಆ ಲೆಕ್ಕದಿಂದ ಹುಟ್ಟಿದ ಕ್ರಮ. ಮೈಸೂರು, ಮಂಡ್ಯದ ಕಡೆ ಇದ್ದು, ಕೆಲಸಕ್ಕೆ ಹೋಗುತ್ತಾ, ಮಕ್ಕಳು ಮತ್ತು ಹಿರಿಯರಿರುವ ಮನೆ ನಡೆಸುತ್ತಾ ಮೊದಲ ಅಥವಾ ಎರಡನೇ ಮ್ಯಾರಥಾನ್ ಓಡಬೇಕೆನ್ನುವವರಿಗೆ ಇದು. ಈಗಾಗಲೇ 10 ಕಿ.ಮೀ. ನಿಲ್ಲದೆ ಓಡಬಲ್ಲಿರಿ ಎಂದು ಇಟ್ಟುಕೊಂಡಿದ್ದೇನೆ. ಅಷ್ಟು ಇನ್ನೂ ಆಗದಿದ್ದರೆ ಈ ಚಳಿಗಾಲವನ್ನು 21 ಕಿ.ಮೀ.ನ ಅರ್ಧ ಮ್ಯಾರಥಾನ್‌ಗೆ ಕೊಡಿ. 42.195 ಕಿ.ಮೀ.ಗೆ ಮುಂದಿನ ವರ್ಷ ಬನ್ನಿ.

ಮೊದಲು ಗೋಡೆಯ ಕ್ಯಾಲೆಂಡರ್

ನಮ್ಮೂರಲ್ಲಿ ತಯಾರಿ ಶುರುಮಾಡಲು ಸರಿಯಾದ ಸಮಯ ಜಂಬೂಸವಾರಿ ಮುಗಿದು ನೆಂಟರೆಲ್ಲ ಊರಿಗೆ ಹೋದ ಮೇಲೆ. ಅಕ್ಟೋಬರ್ ಕೊನೆಯ ವಾರಗಳಿಂದ ಎಣಿಸಿದರೆ 18 ವಾರಕ್ಕೆ ಫೆಬ್ರವರಿಯ ಕೊನೆ ಬರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಹೊತ್ತಿಗೆ ನಾವೂ ಓಡಿ ಮುಗಿಸುತ್ತೇವೆ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ ನಡೆಯುವುದರಿಂದ, ಅದನ್ನು ಓಡುವವರು ಸೆಪ್ಟೆಂಬರ್‌ನಲ್ಲೇ, ಮಳೆ ಇರುವಾಗಲೇ ಶುರುಮಾಡಬೇಕು.

ಹಣ ಕಟ್ಟಿ ಹೆಸರು ನೋಂದಾಯಿಸುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂತು, ಅಡುಗೆಮನೆಯಲ್ಲಿ ನೇತುಹಾಕಿರುವ ಪಂಚಾಂಗದ ಕ್ಯಾಲೆಂಡರ್ ಕೆಳಗಿಳಿಸಿ. ದೀಪಾವಳಿ, ಕಾರ್ತಿಕದ ದೀಪೋತ್ಸವ, ಹೋಗಲೇಬೇಕಾದ ಮದುವೆಗಳು, ಮನೆಯಲ್ಲಿ ತಿಥಿ ಇದ್ದರೆ ಅದು, ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ, ಶಾಲೆಯ ವಾರ್ಷಿಕೋತ್ಸವ, ಸಂಕ್ರಾಂತಿ, ಗಂಡನ ಅಥವಾ ಹೆಂಡತಿಯ ಆಫೀಸಿನ ಒತ್ತಡದ ದಿನಗಳು, ಎಲ್ಲವನ್ನೂ ಕೆಂಪು ಪೆನ್ನಲ್ಲಿ ಗುರುತು ಹಾಕಿ. ನಿಮ್ಮ ಓಟವನ್ನು ಉಳಿದ ಜಾಗದಲ್ಲಿ ನೀಲಿ ಪೆನ್ನಲ್ಲಿ ಬರೆಯಿರಿ. ನಾನು ಮೊದಲ ವರ್ಷ ನೀಲಿಯನ್ನು ಮೊದಲು ಬರೆದಿದ್ದೆ. ಪ್ರತಿ ಹಬ್ಬಕ್ಕೂ ಮುಖ ಗಂಟಿಕ್ಕಿಕೊಂಡದ್ದೇ ಅದರಿಂದ ಆದ ಪ್ರಯೋಜನ.

ನಿಮಗೆ ವಾರಕ್ಕೆ ಎಷ್ಟು ಹೊತ್ತು ಬೇಕು ಎಂದು ಅದೇ ಸಂಜೆ ಬಾಯಿಬಿಟ್ಟು ಹೇಳಿ. ಶುರುವಿನಲ್ಲಿ ವಾರಕ್ಕೆ ನಾಲ್ಕೂವರೆ ಗಂಟೆ, ಜನವರಿಯ ತುತ್ತತುದಿಯ ವಾರಗಳಲ್ಲಿ ಏಳು ಗಂಟೆ. ಅದಕ್ಕೆ ಬದಲಾಗಿ ನೀವು ಯಾವ ಕೆಲಸ ಹೊರುತ್ತೀರಿ ಎಂಬುದನ್ನೂ ಹೇಳಿ. ನಮ್ಮ ಮನೆಯಲ್ಲಿ ಹೀಗೆ ಒಪ್ಪಂದವಾಯಿತು: ಮಂಗಳವಾರ, ಗುರುವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಡಬ್ಬಿ ಕಟ್ಟುವುದು ಯಜಮಾನರದ್ದು. ಆ ಎರಡು ದಿನದ ಪಲ್ಯಕ್ಕೆ ತರಕಾರಿ ಹಿಂದಿನ ರಾತ್ರಿಯೇ ಹೆಚ್ಚಿಡುವುದು ನನ್ನದು. ಭಾನುವಾರದ ತಿಂಡಿ ಪೂರ್ತಿ ನನ್ನ ಜವಾಬ್ದಾರಿ. ನಮ್ಮತ್ತೆ ಕೇಳಿದ್ದು ಒಂದೇ, "ಕತ್ತಲಲ್ಲಿ ಒಬ್ಬಳೇ ಹೋಗಬೇಡ ಕಣಮ್ಮ." ಆ ಮಾತಿಗೆ ಮುಂದೆ ಬರುತ್ತೇನೆ.

ವೈದ್ಯರು, ಷೂ, ಬಟ್ಟೆ

ನಲವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿರುವವರು ವೈದ್ಯರನ್ನು ಕಂಡೇ ಶುರುಮಾಡಿ. ಹೆಂಗಸರು ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿಕೊಳ್ಳುವುದು ಒಳ್ಳೆಯದು. ಹಿಮೋಗ್ಲೋಬಿನ್ ಸರಿಯಾಗಿ ಕಂಡರೂ ದೇಹದಲ್ಲಿ ಶೇಖರವಾದ ಕಬ್ಬಿಣಾಂಶ ಬರಿದಾಗಿರಬಹುದು. ಎಷ್ಟು ನಿದ್ದೆ ಮಾಡಿದರೂ ಕಾಲು ಭಾರವೆನಿಸುತ್ತಿದ್ದರೆ ಅದೂ ಒಂದು ಕಾರಣ. ತಯಾರಿ ಸಾಲದು ಎಂದುಕೊಂಡು ಇನ್ನಷ್ಟು ಓಡಿದರೆ ಸ್ಥಿತಿ ಇನ್ನೂ ಕೆಡುತ್ತದೆ.

ಷೂ ಕೊಳ್ಳಲು ಸಂಜೆ ಹೋಗಿ. ದಿನವೆಲ್ಲ ನಿಂತು ಓಡಾಡಿದ ಪಾದ ಆಗ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಬೆರಳ ತುದಿಗೂ ಷೂ ಮೂತಿಗೂ ನಡುವೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಒಂದು ಜೊತೆ 500ರಿಂದ 800 ಕಿ.ಮೀ. ಬಾಳುತ್ತದೆ. ಈ 18 ವಾರದಲ್ಲಿ ನೀವು ಓಡುವುದು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಹಳೆಯ ಷೂನಲ್ಲಿ ಶುರುಮಾಡಿದವರು ಡಿಸೆಂಬರ್ ಮಧ್ಯದಲ್ಲಿ ಹೊಸದು ಕೊಳ್ಳಿ. ಓಟದ ಹಿಂದಿನ ವಾರ ಕೊಳ್ಳಬೇಡಿ.

ಬಟ್ಟೆಯ ವಿಷಯದಲ್ಲಿ ನಮ್ಮೂರಿನವರು ಚಳಿಯನ್ನು ಅತಿಯಾಗಿ ಎಣಿಸುತ್ತೇವೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಇಲ್ಲಿ ಸಾಮಾನ್ಯವಾಗಿ 15-17 ಡಿಗ್ರಿ ಇರುತ್ತದೆ, ಕೆಲವು ದಿನ 12ರ ಹತ್ತಿರ ಇಳಿಯುತ್ತದೆ. ಸ್ವೆಟರ್, ಮಂಕಿ ಕ್ಯಾಪ್ ಹಾಕಿ ಓಡಲು ಹೊರಟರೆ ಎರಡನೇ ಕಿ.ಮೀ.ಗೆ ಬೆವರಿ ತೊಯ್ದುಹೋಗುತ್ತೀರಿ, ನಿಂತ ಕೂಡಲೇ ಆ ಒದ್ದೆ ಬಟ್ಟೆಯೇ ಚಳಿ ಹಿಡಿಸುತ್ತದೆ. ಹೊರಗೆ ಕಾಲಿಟ್ಟಾಗ ಸ್ವಲ್ಪ ಚಳಿ ಎನಿಸಬೇಕು, ಅದೇ ಅಳತೆ. ಬೆವರು ಹೀರದ ತೆಳು ಪಾಲಿಯೆಸ್ಟರ್ ಅಂಗಿ, ಅದರ ಮೇಲೆ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬಹುದಾದ ಇನ್ನೊಂದು ತೆಳು ಅಂಗಿ, ಕಿವಿಗೆ ಒಂದು ಬಟ್ಟೆಪಟ್ಟಿ, ಇಷ್ಟು ಸಾಕು. ತೊಡೆಸಂದಿ, ಕಂಕುಳು, ಬ್ರಾ ಪಟ್ಟಿ ಉಜ್ಜುವ ಜಾಗಕ್ಕೆ ವ್ಯಾಸಲಿನ್ ಹಚ್ಚಿ. ಚಳಿಗಾಲದ ಒಣ ಚರ್ಮ ಬೇಗ ಕಿತ್ತುಬರುತ್ತದೆ.

ವಾರದ ನಾಲ್ಕು ಓಟ

ವಾರಕ್ಕೆ ಆರು ದಿನ ಓಡುವ ಯೋಜನೆಗಳು ಸಿಗುತ್ತವೆ. ಮನೆ ನಡೆಸುವವರಿಗೆ ನಾಲ್ಕು ದಿನ ಸಾಕೆಂದು ನನ್ನ ಗಟ್ಟಿ ಅಭಿಪ್ರಾಯ. ಐದನೇ ದಿನದ ಓಟಕ್ಕಿಂತ ಆ ಒಂದು ಗಂಟೆಯ ನಿದ್ದೆ ನಿಮ್ಮ ಕಾಲಿಗೆ ಹೆಚ್ಚು ಬಲ ಕೊಡುತ್ತದೆ.

ಮಂಗಳವಾರ 6ರಿಂದ 10 ಕಿ.ಮೀ. ಸಲೀಸಾದ ಓಟ. ಸಲೀಸು ಎಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಓಡುವ ವೇಗ. ಮಾತು ತುಂಡಾದರೆ ನಿಧಾನಿಸಿ. ನಿಮ್ಮ ಒಟ್ಟು ಓಟದಲ್ಲಿ ಐದರಲ್ಲಿ ನಾಲ್ಕು ಪಾಲು ಇದೇ ವೇಗದಲ್ಲಿರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ: ಸಮಯ ಕಡಿಮೆ ಇದೆ ಎಂದು ಪ್ರತಿ ಓಟವನ್ನೂ ಜೋರಾಗಿ ಓಡಿ, ಡಿಸೆಂಬರ್ ಹೊತ್ತಿಗೆ ಮೊಣಕಾಲು ಹಿಡಿದುಕೊಂಡು ಕೂರುತ್ತಾರೆ.

ಗುರುವಾರ ಸ್ವಲ್ಪ ಕಷ್ಟದ ಓಟ. ಮೊದಲ ಆರು ವಾರ ಏರು ಹತ್ತುವುದು: 60ರಿಂದ 90 ಸೆಕೆಂಡು ಏರು ಓಡಿ, ನಡೆದು ಕೆಳಗಿಳಿಯಿರಿ. ಆರು ಸಲದಿಂದ ಶುರುಮಾಡಿ ಹತ್ತಕ್ಕೆ ಒಯ್ಯಿರಿ. ಆಮೇಲಿನ ವಾರಗಳಲ್ಲಿ ಟೆಂಪೋ, ಅಂದರೆ ಮೂರು ನಾಲ್ಕು ಪದ ಮಾತ್ರ ಆಡಲಾಗುವ ವೇಗದಲ್ಲಿ 20ರಿಂದ 35 ನಿಮಿಷ, ಹಿಂದೆ ಮುಂದೆ ತಲಾ 10 ನಿಮಿಷ ನಿಧಾನ ಓಟ. ಶುಕ್ರವಾರ ಅಥವಾ ಶನಿವಾರ 5-6 ಕಿ.ಮೀ. ಹಗುರ ಓಟ. ಭಾನುವಾರ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ನಿಧಾನ ಓಟ.

ಯಾವುದಾದರೂ ವಾರ ಮಗುವಿಗೆ ಜ್ವರ ಬಂದೋ, ಕೆಲಸ ಹೆಚ್ಚಾಗಿಯೋ ಓಟ ಬಿಡಬೇಕಾದರೆ ಮೊದಲು ಶನಿವಾರದ್ದನ್ನು ಬಿಡಿ, ನಂತರ ಮಂಗಳವಾರದ್ದನ್ನು. ಭಾನುವಾರದ್ದನ್ನು ಆದಷ್ಟು ಉಳಿಸಿಕೊಳ್ಳಿ. ಬಿಟ್ಟದ್ದನ್ನು ಮುಂದಿನ ವಾರ ಸೇರಿಸಿ ಓಡಲು ಹೋಗಬೇಡಿ. ಒಂದು ವಾರ ಪೂರ್ತಿ ಕೈತಪ್ಪಿದರೂ ತಯಾರಿ ಹಾಳಾಗುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ಮಾತ್ರ ಎರಡು ಹೆಜ್ಜೆ ಹಿಂದಿನ ವಾರದಿಂದ ಹಿಡಿಯಿರಿ.

ಬಲದ ವ್ಯಾಯಾಮಕ್ಕೆ ಜಿಮ್ ಬೇಕಿಲ್ಲ. ವಾರಕ್ಕೆ ಎರಡು ಸಂಜೆ, ಕುಕ್ಕರ್ ಇಟ್ಟು ಅದು ಕೂಗುವವರೆಗಿನ ಹದಿನೈದು ನಿಮಿಷ ನನ್ನ ಹೊತ್ತು. ಮೆಟ್ಟಿಲ ಅಂಚಿನಲ್ಲಿ ನಿಂತು ಒಂದೊಂದೇ ಕಾಲಲ್ಲಿ ಹಿಮ್ಮಡಿ ಏರಿಸಿ ಇಳಿಸುವುದು 15 ಸಲ, ಗೋಡೆ ಹಿಡಿಯದೆ ಬಸ್ಕಿ 15, ಒಂದು ಕಾಲು ಮುಂದಿಟ್ಟು ಮೊಣಕಾಲು ಬಗ್ಗಿಸುವ ಲಂಜ್ ಎರಡೂ ಕಡೆ 10, ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿಯುವ ಪ್ಲ್ಯಾಂಕ್ 40 ಸೆಕೆಂಡು, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು 15. ಇಷ್ಟನ್ನು ಎರಡು ಸುತ್ತು. ಮಕ್ಕಳು ಸೇರಿಕೊಳ್ಳುತ್ತಾರೆ. ಬಸ್ಕಿ ಎಣಿಸುವುದರಲ್ಲಿ ನಮ್ಮ ಚಿಕ್ಕವಳು ಒಂದನ್ನೂ ಬಿಟ್ಟುಕೊಡುವುದಿಲ್ಲ.

ಹದಿನೆಂಟು ಭಾನುವಾರ

ಲಾಂಗ್ ರನ್‌ಗಳು ನಾನು ಓಡಿದ ಕ್ರಮದಲ್ಲಿ, ಕಿ.ಮೀ. ಲೆಕ್ಕದಲ್ಲಿ: 12, 14, 16, 12, 18, 20, 22, 16, 24, 26, 18, 28, 18, 30, 32, 22, 14, ಆಮೇಲೆ ಮ್ಯಾರಥಾನ್.

ನಡುನಡುವೆ ಇಳಿದಿರುವ 12, 16, 18 ಬೇಕೆಂದೇ ಇಟ್ಟವು. ಮೂಳೆ, ಸ್ನಾಯುರಜ್ಜು ಗಟ್ಟಿಯಾಗುವುದು ಆ ಹಗುರ ವಾರಗಳಲ್ಲೇ. ನಿಮ್ಮ ಮನೆಯ ದೊಡ್ಡ ದಿನಗಳನ್ನು ಈ ಹಗುರ ವಾರಗಳ ಮೇಲೆ ಬರುವಂತೆ ಜೋಡಿಸಿ. ಅಕ್ಟೋಬರ್ ಕೊನೆಗೆ ಶುರುಮಾಡಿದರೆ 13ನೇ ವಾರದ 18 ಕಿ.ಮೀ. ಸಂಕ್ರಾಂತಿಯ ಆಸುಪಾಸಿಗೆ ಬೀಳುತ್ತದೆ. ಎಳ್ಳು ಬೆಲ್ಲ, ಕೊಬ್ಬರಿ ಹೆಚ್ಚುವ ಕೆಲಸ, ಮನೆಮನೆಗೆ ಎಳ್ಳು ಬೀರುವ ಓಡಾಟ ಇರುವ ವಾರ 30 ಕಿ.ಮೀ. ಇಟ್ಟುಕೊಳ್ಳಬಾರದು.

ಇನ್ನೊಂದು ಮಿತಿ ಗಡಿಯಾರದ್ದು. ಮೂರೂವರೆ ಗಂಟೆ ಆದ ಕೂಡಲೇ ನಿಲ್ಲಿಸಿ, 30 ಆಗಿರಲಿ 28 ಆಗಿರಲಿ. ಅದಕ್ಕಿಂತ ಹೆಚ್ಚು ಓಡಿದರೆ ಸಿಗುವ ಲಾಭಕ್ಕಿಂತ ಸುಧಾರಿಸಿಕೊಳ್ಳಲು ಬೇಕಾಗುವ ದಿನಗಳೇ ಹೆಚ್ಚು, ಆ ದಿನಗಳನ್ನು ಕೊಡುವುದು ನಿಮ್ಮ ಮನೆ. ಐದು ಗಂಟೆಯಲ್ಲಿ ಮ್ಯಾರಥಾನ್ ಮುಗಿಸಬೇಕೆಂದರೆ ಕಿ.ಮೀ.ಗೆ 7 ನಿಮಿಷ 6 ಸೆಕೆಂಡು ಬೀಳುತ್ತದೆ. ಲಾಂಗ್ ರನ್ ಅದಕ್ಕಿಂತಲೂ ಅರ್ಧ ನಿಮಿಷ ನಿಧಾನ ಇರಲಿ. 22 ದಾಟಿದ ಓಟಗಳಲ್ಲಿ ಮಾತ್ರ ಕೊನೆಯ 4-5 ಕಿ.ಮೀ. ಓಟದ ದಿನದ ವೇಗಕ್ಕೆ ಬನ್ನಿ.

ಕತ್ತಲು, ಮಂಜು, ರಸ್ತೆ

ನಮ್ಮ ಚಳಿಗಾಲದಲ್ಲಿ ಚಳಿಗಿಂತ ಕತ್ತಲೇ ಹೆಚ್ಚು ಕಷ್ಟ ಕೊಡುತ್ತದೆ. ಜನವರಿ ಮಧ್ಯದಲ್ಲಿ ಮೈಸೂರಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ. ಎಂಟಕ್ಕೆ ಶಾಲೆಯ ವ್ಯಾನ್ ಬರುವ ಮನೆಯಲ್ಲಿ ಬೆಳಕಿಗೆ ಕಾಯುವ ಹಾಗಿಲ್ಲ. ಐದಕ್ಕೆ ಹೊರಡಬೇಕು, ಹೊರಟರೆ ಒಂದೂಮುಕ್ಕಾಲು ಗಂಟೆ ಕತ್ತಲು.

ನಮ್ಮತ್ತೆಯ ಮಾತಿಗೆ ಬಂದೆ. ಮೂರ್ನಾಲ್ಕು ಜನ ಸೇರಿಕೊಳ್ಳಿ. ವೇಗ ಹೊಂದದಿದ್ದರೂ ಪರವಾಗಿಲ್ಲ, ಒಂದೇ ಕೆರೆ ಅಥವಾ ಒಂದೇ ಬೀದಿಯ ಸುತ್ತು ಓಡಿದರೆ ಎಲ್ಲರೂ ಒಬ್ಬರಿಗೊಬ್ಬರು ಕಾಣುತ್ತಿರುತ್ತೀರಿ. ಒಬ್ಬರೇ ಹೋಗಲೇಬೇಕಾದ ದಿನ ದೀಪವಿರುವ ಬಡಾವಣೆ ರಸ್ತೆ ಬಿಟ್ಟು ಹೋಗಬೇಡಿ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಮನೆಯವರಿಗೆ ಕಳಿಸಿಟ್ಟಿರಿ, ಕಿವಿಗೆ ಇಯರ್‌ಫೋನ್ ಬೇಡ, ತುರ್ತಿಗೆ 112 ನೆನಪಿರಲಿ. ನಮ್ಮಲ್ಲಿ ವಾಹನ ಎಡಕ್ಕೆ ಹೋಗುವುದರಿಂದ ನೀವು ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ಓಡಿ. ಹೊಳೆಯುವ ಪಟ್ಟಿಯ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್ ಎರಡಕ್ಕೂ ಸೇರಿ ಆಗುವ ಖರ್ಚು ಷೂವಿನ ಕಾಲುಭಾಗವೂ ಇಲ್ಲ, ಜೀವ ಉಳಿಸುವುದು ಅವೇ. ನಾಯಿಗಳು ಬೊಗಳುತ್ತಾ ಬಂದರೆ ಓಟ ನಿಲ್ಲಿಸಿ, ನಡೆದು ದಾಟಿ. ಓಡಿದಷ್ಟೂ ಅಟ್ಟಿಸಿಕೊಂಡು ಬರುತ್ತವೆ.

ಧನುರ್ಮಾಸ ಇದರಲ್ಲಿ ನಮಗೊಂದು ವರ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ದೇವಸ್ಥಾನಗಳಲ್ಲಿ ಬೆಳಗಿನ ಜಾವದ ಪೂಜೆ, ಬೀದಿಯಲ್ಲಿ ದೀಪ, ಬಾಗಿಲಿಗೆ ರಂಗೋಲಿ ಹಾಕುವ ಹೆಂಗಸರು. ವರ್ಷದಲ್ಲಿ ಅತಿ ಕತ್ತಲಿನ ಈ ತಿಂಗಳಲ್ಲೇ ಊರು ಬೇಗ ಏಳುತ್ತದೆ. ನಮ್ಮತ್ತೆ ಹೇಗೂ ನಾಲ್ಕೂವರೆಗೆ ಎದ್ದು ಪೂಜೆಗೆ ಹೋಗುತ್ತಾರೆ. ಅವರನ್ನು ದೇವಸ್ಥಾನದವರೆಗೆ ನಡೆಸಿಕೊಂಡು ಹೋಗಿ ಬಿಡುವುದೇ ನನ್ನ ವಾರ್ಮ್‌ಅಪ್. ಚಳಿಯಲ್ಲಿ ಸ್ನಾಯು ಬಿಗಿದಿರುತ್ತದೆ, ಹತ್ತು ನಿಮಿಷ ನಡೆಯದೆ, ಕಾಲನ್ನು ಮುಂದಕ್ಕೆ ಹಿಂದಕ್ಕೆ ಬೀಸದೆ ಓಟಕ್ಕೆ ಇಳಿಯಬಾರದು.

ದಟ್ಟ ಮಂಜಿದ್ದ ದಿನ ದೊಡ್ಡ ರಸ್ತೆಗೆ ಹೋಗಲೇಬೇಡಿ. ಮೈಸೂರಿನ ಹೊರ ವರ್ತುಲ ರಸ್ತೆ ಒಂದು ಸುತ್ತಿಗೆ ಹೆಚ್ಚುಕಡಿಮೆ 42 ಕಿ.ಮೀ., ಹಾಗಾಗಿ ಓಟಗಾರರಿಗೆಲ್ಲ ಅದರ ಮೇಲೆ ಕಣ್ಣು. ಲಾರಿ ಓಡುವ ಆ ರಸ್ತೆಯಲ್ಲಿ ಮಂಜಿನಲ್ಲಿ ಓಡುವುದು ಸಾಹಸವಲ್ಲ, ತಪ್ಪು. ಮಂಡ್ಯ ಕಡೆ ಇದು ಕಬ್ಬು ಕಡಿಯುವ ಕಾಲ. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ರಸ್ತೆಯ ಅರ್ಧ ಅಗಲ ಕಬ್ಬು ಚಾಚಿಕೊಂಡು ನಿಧಾನಕ್ಕೆ ಹೋಗುತ್ತಿರುತ್ತವೆ. ಹಳ್ಳಿ ರಸ್ತೆಯಲ್ಲಿ ಹುರುಳಿ, ರಾಗಿಯ ತೆನೆಯನ್ನು ವಾಹನ ತುಳಿದು ಕಾಳು ಉದುರಲೆಂದು ಹಾಸಿರುತ್ತಾರೆ. ಅದರ ಮೇಲೆ ಇಬ್ಬನಿ ಬಿದ್ದರೆ ಕಾಲು ಜಾರುವುದು ಗೊತ್ತೇ ಆಗುವುದಿಲ್ಲ. ಅಲ್ಲಿ ನಡೆದೇ ದಾಟಿ. ರೈತರ ಬೆಳೆ ತುಳಿದು ಕೆಡಿಸುವುದೂ ಬೇಡ.

ಎಲ್ಲಿ ಓಡುವುದು

ಕುಕ್ಕರಹಳ್ಳಿ ಕೆರೆಯ ಸುತ್ತಿನ ಮಣ್ಣುದಾರಿ ನನ್ನ ಮೊದಲ ಆಯ್ಕೆ. ಒಂದು ಸುತ್ತು ನಾಲ್ಕೂವರೆ ಕಿ.ಮೀ. ಆಸುಪಾಸು, ವಾಹನವಿಲ್ಲ, ಮಣ್ಣು ಮೊಣಕಾಲಿಗೆ ಮೆತ್ತಗೆ. ಬೆಳಕು ಹರಿಯುವಾಗ ಹೆಜ್ಜಾರ್ಲೆಗಳು ನೀರಿನ ಮೇಲೆ ಸಾಲಾಗಿ ತೇಲುವುದನ್ನು ನೋಡುತ್ತಾ ಓಡಿದರೆ ಸುತ್ತು ಎಷ್ಟಾಯಿತೆಂದು ಮರೆತುಹೋಗುತ್ತದೆ. ಲಾಂಗ್ ರನ್‌ಗೆ ಸುತ್ತುದಾರಿ ಬೇಸರ ಎನ್ನುವವರಿದ್ದಾರೆ. ಮನೆಯಿರುವವರಿಗೆ ಅದರಷ್ಟು ಅನುಕೂಲ ಬೇರಿಲ್ಲ: ನೀರು, ಬಾಳೆಹಣ್ಣು ಗಾಡಿಯಲ್ಲೇ ಇಡಬಹುದು, ಮನೆಯಿಂದ ಫೋನ್ ಬಂದರೆ ಹತ್ತು ನಿಮಿಷದಲ್ಲಿ ಮನೆಯಲ್ಲಿರಬಹುದು. ರಾಮಕೃಷ್ಣನಗರದ ಕಡೆಯವರಿಗೆ ಲಿಂಗಾಂಬುಧಿ ಕೆರೆ ಇದೆ. ಮಾನಸಗಂಗೋತ್ರಿಯ ಒಳರಸ್ತೆಗಳ ಮರದ ನೆರಳು ಫೆಬ್ರವರಿಯಲ್ಲಿ ನೆನಪಾಗುತ್ತದೆ. ಗುರುವಾರದ ಏರಿಗೆ ಲಲಿತಮಹಲ್ ಕಡೆಗೆ ಏರುವ ದಾರಿ ಸರಿ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಮೂರು ವಾರಕ್ಕೊಮ್ಮೆ ನಡೆದು ಹತ್ತಿ, ಓಡಿ ಹತ್ತುವುದು ಬೇಡ. ಊರಿನ ಮಟ್ಟದಿಂದ ಸುಮಾರು 300 ಮೀಟರ್ ಏರುವ ದಾರಿ ಅದು, ತೊಡೆಗೆ, ಎದೆಗೆ ಅದಕ್ಕಿಂತ ಒಳ್ಳೆಯ ಕಸರತ್ತು ಇಲ್ಲಿಲ್ಲ. ಆದರೆ ಮೆಟ್ಟಿಲಲ್ಲಿ ಓಡಿ ಇಳಿಯಬೇಡಿ. ಇಳಿಯುವಾಗಲೇ ತೊಡೆಯ ಸ್ನಾಯು ಹರಿಯುವುದು, ಮುಂದಿನ ನಾಲ್ಕು ದಿನ ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತದೆ. ಮೇಲಿಂದ ಬಸ್ಸಿನಲ್ಲಿ ಬನ್ನಿ. ಮಂಡ್ಯದವರಿಗೆ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ಕತ್ತಲಿಗೆ, ಬೆಳಕಾದ ಮೇಲೆ ವಿ.ಸಿ. ನಾಲೆಯ ಏರಿ.

ಚಳಿಗಾಲದಲ್ಲಿ ಉದುರಿದ ಎಲೆ ಗುಡಿಸಿ ಬೆಂಕಿ ಹಚ್ಚುವ ಬೀದಿಗಳು ಬೇಕಾದಷ್ಟಿವೆ. ತಂಪು ಗಾಳಿಯಲ್ಲಿ ಹೊಗೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಓಡುವಾಗ ಉಸಿರು ಹಲವು ಪಟ್ಟು ಹೆಚ್ಚು, ಹೊಗೆಯೂ ಅಷ್ಟೇ ಹೆಚ್ಚು ಒಳಹೋಗುತ್ತದೆ. ದಾರಿ ಬದಲಿಸಿ. ಒಣ ತಂಪು ಗಾಳಿಗೆ ಉಬ್ಬಸ ಬರುವವರು ಮೂಗು ಬಾಯಿಗೆ ತೆಳು ಬಟ್ಟೆ ಕಟ್ಟಿಕೊಳ್ಳಿ, ವೈದ್ಯರು ಕೊಟ್ಟ ಇನ್‌ಹೇಲರ್ ಜೇಬಿನಲ್ಲಿರಲಿ.

ಅಡುಗೆಮನೆಯಲ್ಲೇ ಎಲ್ಲ ಇದೆ

ದೇಹದಲ್ಲಿ ಶೇಖರವಾಗುವ ಗ್ಲೈಕೋಜನ್, ಅಂದರೆ ತಿಂದ ಪಿಷ್ಟದಿಂದ ಕೂಡಿಟ್ಟ ಇಂಧನ, ಸಾಮಾನ್ಯವಾಗಿ 30 ಕಿ.ಮೀ. ಆಸುಪಾಸಿಗೆ ಬರಿದಾಗುತ್ತದೆ. ಕಾಲು ಹಠಾತ್ತನೆ ಕಲ್ಲಾಗುವುದು ಅದಕ್ಕೇ. ಆದ್ದರಿಂದ ಒಂದೂಕಾಲು ಗಂಟೆ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಪಿಷ್ಟ ಒಳಹೋಗಬೇಕು. ನಾನು ಅರ್ಧ ಲೀಟರ್ ನೀರಿಗೆ 30 ಗ್ರಾಂ ಮಂಡ್ಯದ ಬೆಲ್ಲ, ಅರ್ಧ ನಿಂಬೆಹಣ್ಣು, ಎರಡು ಚಿಟಿಕೆ ಉಪ್ಪು ಹಾಕಿ ಸೋಸಿ ಒಯ್ಯುತ್ತೇನೆ. ಜೊತೆಗೆ ಏಲಕ್ಕಿ ಬಾಳೆಹಣ್ಣು ಅಥವಾ ಬೀಜ ತೆಗೆದ ಖರ್ಜೂರ. ಓಟಗಾರರು ಪೊಟ್ಟಣದಿಂದ ಹೀರುವ ಸಕ್ಕರೆಯ ಜೆಲ್ ಬಳಸುವುದಾದರೆ ತಯಾರಿಯ ಓಟಗಳಲ್ಲೇ ಅಭ್ಯಾಸ ಮಾಡಿಕೊಳ್ಳಿ. ಚಿಕ್ಕಿ ಓಡುವಾಗ ಬೇಡ, ಕಡಲೆಕಾಯಿಯ ಎಣ್ಣೆಯಂಶ ಜೀರ್ಣವಾಗಲು ಹೊತ್ತು ಬೇಕು.

ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಬೆವರು ಹೋಗುವುದು ಅಷ್ಟೇನೂ ಕಡಿಮೆಯಲ್ಲ. ಒಂದೆರಡು ಲಾಂಗ್ ರನ್‌ಗೆ ಮೊದಲು ಮತ್ತು ನಂತರ ತೂಕ ನೋಡಿಕೊಂಡರೆ ನಿಮ್ಮ ಬೆವರಿನ ಲೆಕ್ಕ ಸಿಗುತ್ತದೆ. ಹಾಗೆಂದು ಪ್ರತಿ ಕಿ.ಮೀ.ಗೂ ಬರೀ ನೀರು ಸುರಿದುಕೊಳ್ಳಬೇಡಿ. ನಾಲ್ಕೈದು ಗಂಟೆ ಓಡುವವರಲ್ಲಿ ಅತಿಯಾದ ನೀರು ರಕ್ತದ ಸೋಡಿಯಂ ಇಳಿಸಿ ಜೀವಕ್ಕೇ ಅಪಾಯ ತರುತ್ತದೆ. ಓಡಿ ಬಂದ ಮೇಲೆ ತೂಕ ಏರಿದ್ದರೆ ಕುಡಿದದ್ದು ಜಾಸ್ತಿಯಾಯಿತೆಂದೇ ಅರ್ಥ.

ಶನಿವಾರ ರಾತ್ರಿ ಅನ್ನ, ತಿಳಿಸಾರು, ಸ್ವಲ್ಪ ಮೊಸರು. ಇದು ಅವರೆಕಾಯಿಯ ಕಾಲ. ಹಿತಕಿದಬೇಳೆ ಸಾರಿನ ಘಮ ಮನೆ ತುಂಬಿರುವಾಗ ಬಿಡುವುದು ಕಷ್ಟ, ಆದರೆ ಆ ಸಾರನ್ನು ಬುಧವಾರ ಮಾಡಿಸಿಕೊಳ್ಳಿ. ಲಾಂಗ್ ರನ್‌ನ ಹಿಂದಿನ ರಾತ್ರಿ ಅವರೆಕಾಳು ತಿಂದರೆ ಹನ್ನೆರಡನೇ ಕಿ.ಮೀ.ಗೆ ಹೊಟ್ಟೆ ಉಬ್ಬರಿಸುತ್ತದೆ. ಮುದ್ದೆಯೂ ವಾರದ ನಡುವೆ ಇರಲಿ, ನಾರು ಹೆಚ್ಚು. ಓಡಿ ಬಂದ ಅರ್ಧ ಮುಕ್ಕಾಲು ಗಂಟೆಯೊಳಗೆ ತಿನ್ನಬೇಕಾದದ್ದು ಅಕ್ಕಿ, ಹೆಸರುಬೇಳೆ ಎರಡೂ ಇರುವ ಊಟ: ಧನುರ್ಮಾಸದ ಹುಗ್ಗಿಯಲ್ಲಿ ಪಿಷ್ಟವೂ ಇದೆ, ಪ್ರೋಟೀನೂ ಇದೆ, ಮೆಣಸು ಗಂಟಲಿಗೆ ಹಿತ. ನಮ್ಮತ್ತೆ ಪ್ರಸಾದದ ಹುಗ್ಗಿ ತಂದಿಡುವುದನ್ನು ಕಾಯುತ್ತಾ ಕೊನೆಯ ಮೂರು ಕಿ.ಮೀ. ಓಡಿದ ದಿನಗಳಿವೆ.

ನೆಗಡಿ, ಜ್ವರ, ನೋವು

ಮಕ್ಕಳು ಶಾಲೆಯಿಂದ ನೆಗಡಿ ತರದ ಚಳಿಗಾಲ ಇಲ್ಲ. ತೊಂದರೆ ಕುತ್ತಿಗೆಯಿಂದ ಮೇಲೆ ಮಾತ್ರ ಇದ್ದರೆ, ಅಂದರೆ ಮೂಗು ಸೋರುವುದು, ಸೀನು ಇಷ್ಟೇ ಇದ್ದರೆ, ಅರ್ಧ ದೂರ ನಿಧಾನ ಓಡಬಹುದು. ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದರೆ ಓಡಲೇಬೇಡಿ. ವೈರಲ್ ಜ್ವರದಲ್ಲಿ ಓಡಿದರೆ ಹೃದಯದ ಸ್ನಾಯುವಿಗೇ ಉರಿಯೂತ ಆಗುವ ಅಪಾಯವಿದೆ. ಜ್ವರ ಬಿಟ್ಟ ಮೇಲೂ ಎರಡು ಮೂರು ದಿನ ಕಾಯಿರಿ.

ಓಡುತ್ತಾ ಓಡುತ್ತಾ ಹಗುರಾಗುವ ಬಿಗಿತ ಸಾಮಾನ್ಯ. ಓಡಿದಷ್ಟೂ ಹೆಚ್ಚುವ, ಒಂದೇ ಬಿಂದುವಿನಲ್ಲಿ ಚುಚ್ಚುವ, ಕುಂಟುವಂತೆ ಮಾಡುವ ನೋವಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ನುಂಗಿ ಲಾಂಗ್ ರನ್‌ಗೆ ಹೋಗುವುದು ಮೂತ್ರಪಿಂಡಕ್ಕೂ ಒಳ್ಳೆಯದಲ್ಲ. ಮುಟ್ಟಿನ ಮೊದಲ ದಿನ ಕಷ್ಟವೆನಿಸಿದರೆ ಓಟ ಮುಂದೂಡಿ, ಏನೂ ಕಳೆದುಹೋಗುವುದಿಲ್ಲ.

ಭಾನುವಾರ ಮನೆಗೆ ಬಂದ ಮೇಲೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಲಾಂಗ್ ರನ್ ಎಷ್ಟೇ ಉದ್ದವಿರಲಿ, ಎಂಟೂವರೆಗೆ ಮನೆಯಲ್ಲಿರಬೇಕೆಂದು ನಿಯಮ ಮಾಡಿಕೊಳ್ಳಿ. ಅಂದರೆ 30 ಕಿ.ಮೀ. ದಿನ ನಾಲ್ಕೂವರೆಗೇ ಹೊರಡಬೇಕು, ಅಂದರೆ ಶನಿವಾರ ರಾತ್ರಿ ಒಂಬತ್ತಕ್ಕೆ ಮಲಗಬೇಕು. ಶನಿವಾರ ರಾತ್ರಿಯ ಸಿನಿಮಾ, ನೆಂಟರ ಮನೆಯ ಊಟ ಶುಕ್ರವಾರಕ್ಕೆ ಹೋಯಿತು ನಮ್ಮಲ್ಲಿ. ದೋಸೆ ಹಿಟ್ಟು ಶನಿವಾರವೇ ರುಬ್ಬಿಟ್ಟಿರುತ್ತೇನೆ. ಬಂದು, ಸ್ನಾನ ಮಾಡಿ, ಒಂದು ಲೋಟ ಹಾಲು ಕುಡಿದು ಕಾವಲಿ ಮುಂದೆ ನಿಲ್ಲುತ್ತೇನೆ. ನಿಂತು ದೋಸೆ ಹುಯ್ಯುವ ಅರ್ಧ ಗಂಟೆ ಕಾಲಿಗೂ ಒಳ್ಳೆಯದು, ದಢಕ್ಕನೆ ಮಲಗಿದರೆ ಬಿಗಿತ ಹೆಚ್ಚುತ್ತದೆ.

ಮಧ್ಯಾಹ್ನ ನಿದ್ದೆ ನಲವತ್ತು ನಿಮಿಷ, ಅಲಾರಾಂ ಇಟ್ಟು. ಸಂಜೆ ಮಕ್ಕಳ ಜೊತೆ ಕಡ್ಡಾಯವಾಗಿ ಹೊರಗೆ, ಉದ್ಯಾನವೋ ದೇವರಾಜ ಮಾರುಕಟ್ಟೆಯೋ, ನಡೆದೇ. ಓಟಗಾರರು ಇದನ್ನೇ ರಿಕವರಿ ವಾಕ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿಲ್ಲ. ಹೀಗೆ ಮಾಡಲಾಗದಷ್ಟು ಸುಸ್ತಾಗಿದ್ದರೆ ಬೆಳಗಿನ ಓಟ ಅತಿ ವೇಗವಾಯಿತೆಂದು ತಿಳಿಯಿರಿ, ಮುಂದಿನ ಭಾನುವಾರ ಕಿ.ಮೀ.ಗೆ ಇಪ್ಪತ್ತು ಸೆಕೆಂಡು ನಿಧಾನಿಸಿ. ನನಗೆ ಕೈಗಡಿಯಾರದ ಹೃದಯಬಡಿತಕ್ಕಿಂತ ಈ ಅಳತೆಯೇ ನಂಬಿಕೆಯದ್ದು.

ಕೊನೆಯ ಮೂರು ವಾರ ಮತ್ತು ಓಟದ ದಿನ

32 ಕಿ.ಮೀ. ಮುಗಿದ ಮೇಲೆ ಓಟವನ್ನು ವಾರವಾರಕ್ಕೆ ಕಾಲುಭಾಗದಷ್ಟು ಇಳಿಸುತ್ತಾ ಬನ್ನಿ, ಗುರುವಾರದ ವೇಗದ ಓಟ ಮಾತ್ರ ಚಿಕ್ಕದಾಗಿ ಉಳಿಸಿಕೊಳ್ಳಿ. ಸಿಕ್ಕ ಹೊತ್ತಿನಲ್ಲಿ ಮನೆಯ ಬಾಕಿ ಕೆಲಸಗಳನ್ನೆಲ್ಲ ಎಳೆದುಕೊಳ್ಳಬೇಡಿ. ಅಟ್ಟ ಗುಡಿಸುವುದು, ಬೀರು ಸರಿಸುವುದು ಮಾರ್ಚ್‌ಗಿರಲಿ. ನನ್ನ ಗೆಳತಿಯೊಬ್ಬರು ಓಟಕ್ಕೆ ಹತ್ತು ದಿನ ಇರುವಾಗ ಅಕ್ಕಿಮೂಟೆ ಎತ್ತಿ ಸೊಂಟ ಹಿಡಿಸಿಕೊಂಡರು.

ಚಳಿಯಲ್ಲಿ ತಯಾರಾದವರಿಗೆ ಇಲ್ಲೊಂದು ಹಳ್ಳ ಕಾದಿರುತ್ತದೆ. ದಕ್ಷಿಣದ ಊರುಗಳಲ್ಲಿ ಫೆಬ್ರವರಿ ಕೊನೆಯ ಬೆಳಿಗ್ಗೆ ಹತ್ತಕ್ಕೆ ಬಿಸಿಲು ಚುರುಕಾಗಿರುತ್ತದೆ, ಐದು ಗಂಟೆಗೆ ಓಡಿ ಅಭ್ಯಾಸವಾದ ಮೈಗೆ ಅದು ಹೊಸದು. ಬಿಸಿಲಿಗೆ ಮೈ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಹಾಗಾಗಿ ಕೊನೆಯ ಮೂರು ವಾರ ಚಿಕ್ಕ ಓಟಗಳನ್ನು ರಜೆಯ ದಿನ ಎಂಟೂವರೆ ಒಂಬತ್ತಕ್ಕೆ, ಇಲ್ಲವೇ ಕೆಲಸದಿಂದ ಬಂದು ಸಂಜೆ ಐದಕ್ಕೆ ಓಡಿ.

ಓಟದ ದಿನ ಹೊಸದೇನೂ ಬೇಡ: ಅದೇ ಷೂ, ಅದೇ ಬಾಳೆಹಣ್ಣು, ಅದೇ ಬೆಲ್ಲದ ನೀರು. ಶುರುವಿಗೆ ಎರಡು ಎರಡೂವರೆ ಗಂಟೆ ಮೊದಲು ಎರಡು ಇಡ್ಲಿ ಅಥವಾ ಬ್ರೆಡ್ಡು ಜಾಮು. ಮೊದಲ 10 ಕಿ.ಮೀ. ಗುರಿಗಿಂತ ಕಿ.ಮೀ.ಗೆ ಹತ್ತು ಸೆಕೆಂಡು ನಿಧಾನ. ನೀರಿನ ಮೇಜುಗಳಲ್ಲಿ ನಿಂತು, ನಡೆದು ಕುಡಿಯಿರಿ. ಮನೆಯವರನ್ನು ಮುಗಿಯುವ ಜಾಗದಲ್ಲಿ ಬಿಸಿಲಲ್ಲಿ ಗಂಟೆಗಟ್ಟಲೆ ಕಾಯಿಸಬೇಡಿ. 32ರಿಂದ 35ನೇ ಕಿ.ಮೀ. ನಡುವೆ ನೆರಳಿರುವ ಒಂದು ಜಾಗ ಗೊತ್ತುಮಾಡಿ, ನೀವು ಅಲ್ಲಿಗೆ ಬರುವ ಹೊತ್ತನ್ನು ಬರೆದುಕೊಡಿ. ಮಗುವಿನ ಮುಖ ಹೆಚ್ಚು ಬೇಕಾಗುವುದು ಅಲ್ಲಿ.

ಮುಗಿದ ಮೇಲೆ ಹತ್ತು ನಿಮಿಷ ನಡೆಯಿರಿ, ಉಪ್ಪಿನ ಮಜ್ಜಿಗೆ ಕುಡಿಯಿರಿ, ಒಣ ಬಟ್ಟೆ ಹಾಕಿಕೊಳ್ಳಿ. ಎರಡು ವಾರ ಓಟ ಬೇಡ, ನಡಿಗೆ ಸಾಕು. ಆ ಎರಡು ಭಾನುವಾರ ಯಾರ ಅಲಾರಾಂ ಕೂಡ ಹೊಡೆಯಬಾರದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ಮೂರನೇ ಭಾನುವಾರ ಎಲ್ಲರೂ ಸೇರಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ದೊಡ್ಡ ನಂದಿಯ ಹತ್ತಿರ ಕೂತು ಕಡಲೆಕಾಯಿ ತಿನ್ನುವಷ್ಟು ನಿಧಾನಕ್ಕೆ, ಚಿಕ್ಕವಳು ಮುಂದೆ, ಅವಳ ಕೈಹಿಡಿದು ಅವಳಜ್ಜಿ, ಅವರ ಹಿಂದೆ ನಾನು.